ಮಂಗಳವಾರದ ಕಿಟಕಿಯಲ್ಲಿ ಮಾತ್ರೆ ಇಲ್ಲದಿದ್ದರೆ ಸುಧಾರಣೆ ಯಾರಿಗೆ? ಮಲೆನಾಡಿನ ಮಾನಸಿಕ ಆರೋಗ್ಯ ಸೇವೆ ಬಗ್ಗೆ ಚರ್ಚೆ

ಹಿನ್ನೀರಿನ ಮನೆ
ಮಂಗಳವಾರ, ರಾತ್ರಿ 9:40

ಇವತ್ತು ಬೆಳಗ್ಗೆ ಆರೂಕಾಲರ ಬಸ್ಸಿಗೆ ತಮ್ಮನನ್ನು ಕರ್ಕೊಂಡು ತಾಲೂಕು ಆಸ್ಪತ್ರೆಗೆ ಹೋಗಿದ್ದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಬರೋದು ಮಂಗಳವಾರ. ನಮ್ಮೂರಿಂದ ಎರಡು ಬಸ್ಸು ಹತ್ತಿ ಇಳೀಬೇಕು, ಎರಡೂ ಖಾಸಗಿ, ಹಾಗಾಗಿ ಶಕ್ತಿ ಯೋಜನೆ ನನಗೆ ಉಪಯೋಗಕ್ಕೆ ಬರಲ್ಲ. ಹನ್ನೊಂದೂವರೆಗೆ ಸರದಿ ಬಂತು. ಡಾಕ್ಟ್ರು ಅವನನ್ನು ಹೆಸರು ಹಿಡಿದು ಮಾತಾಡಿಸಿದ್ರು. ನಿದ್ದೆ ಹೇಗೆ, ಊಟ ಹೇಗೆ, ಕೈ ನಡುಗುತ್ತಾ ಅಂತ ಕೇಳಿದ್ರು. ಅವರ ಬಗ್ಗೆ ನನ್ನದು ಒಂದೂ ದೂರಿಲ್ಲ. ಚೀಟಿ ಹಿಡ್ಕೊಂಡು ಔಷಧಿ ಕಿಟಕಿಗೆ ಹೋದ್ರೆ ಅವನ ಕಾಯಿಲೆಯ ಮುಖ್ಯ ಮಾತ್ರೆ ರಿಸ್ಪೆರಿಡಾನ್ ಖಾಲಿ. "ಮುಂದಿನ ವಾರ ಬರಬಹುದು, ಫೋನ್ ಮಾಡಿ ಬನ್ನಿ" ಅಂದ್ರು. ಜೊತೆಗೆ ಬರೆಯುವ ಟ್ರೈಹೆಕ್ಸಿಫೆನಿಡಿಲ್ ಮಾತ್ರ ಒಂದು ತಿಂಗಳದ್ದು ಎಣಿಸಿ ಕವರಿಗೆ ಹಾಕಿ ಕೊಟ್ರು. ಅದು ಮೊದಲನೇ ಮಾತ್ರೆಯಿಂದ ಮೈ ಬಿಗಿಯೋದು, ನಡುಗೋದು ತಡೆಯೋಕೆ ಕೊಡೋದು. ಕಾಯಿಲೆಯ ಮಾತ್ರೆಯೇ ಇಲ್ಲದೆ ಅದನ್ನಿಟ್ಕೊಂಡು ನಾನೇನು ಮಾಡಲಿ?

ತಮ್ಮನಿಗೆ ಈಗ ಮೂವತ್ತನಾಲ್ಕು. ಡಿಗ್ರಿ ಮಾಡುವಾಗ ಕಾಯಿಲೆ ಶುರುವಾಯ್ತು, ಸ್ಕಿಜೋಫ್ರೀನಿಯಾ ಅಂದ್ರು. ಮಾತ್ರೆ ಸರಿಯಾಗಿ ನಡೆದ ವರ್ಷಗಳಲ್ಲಿ ಅವನು ಗೊನೆ ಹೊರ್ತಾನೆ, ಕೊಯ್ಲಿನ ಹೊತ್ತಿಗೆ ಮೆಟ್ಟುಕತ್ತಿ ಮುಂದೆ ಕೂತ್ರೆ ರಾತ್ರಿ ಹತ್ತರ ತನಕ ಅಡಿಕೆ ಸುಲೀತಾನೆ. ಮಾತ್ರೆ ತಪ್ಪಿ ಹತ್ತು ಹದಿನೈದು ದಿನ ಆದ್ರೆ ನನಗೆ ಮೊದಲು ಗೊತ್ತಾಗೋದೂ ಅಲ್ಲೇ. ಅರ್ಧ ಸುಲಿದ ಅಡಿಕೆ ಕೈಯಲ್ಲೇ ಇರುತ್ತೆ, ಮುಖ ಅಂಗಳದಾಚೆ ಹಲಸಿನ ಮರದ ಕಡೆ ತಿರುಗಿರುತ್ತೆ, ಅಲ್ಲಿ ಯಾರೋ ನಿಂತು ಮಾತಾಡ್ತಿರೋ ಹಾಗೆ. ಕರೆದ್ರೆ ತಿರುಗಲ್ಲ. ಆಮೇಲೆ ನಿದ್ದೆ ಹೋಗುತ್ತೆ. ಅನ್ನಕ್ಕೆ ಏನೋ ಬೆರೆಸಿದ್ದೀಯ ಅಂತ ತಟ್ಟೆ ದೂಡ್ತಾನೆ. ಹದಿಮೂರು ವರ್ಷದಲ್ಲಿ ಮೂರು ಸಲ ಶಿವಮೊಗ್ಗದಲ್ಲಿ ಅಡ್ಮಿಟ್ ಮಾಡಿದ್ದೇವೆ. ಒಂದು ಸಲ ಅವನೇ ಮಾತ್ರೆ ಬಿಟ್ಟಿದ್ದು. ಎರಡು ಸಲ ಸಿಗದೆ ಹೋಗಿದ್ದು.

ಸರ್ಕಾರ ಏನೂ ಮಾಡಿಲ್ಲ ಅಂತ ನಾನು ಹೇಳಲ್ಲ. ಮೊದಲು ಪ್ರತಿ ತಿಂಗಳೂ ಶಿವಮೊಗ್ಗಕ್ಕೇ ಹೋಗಬೇಕಿತ್ತು, ಈಗ ಡಾಕ್ಟ್ರೇ ತಾಲೂಕಿಗೆ ಬರ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂತು, ಫೋನಿನಲ್ಲೇ ಮಾತಾಡಿಸೋ ಟೆಲಿ ಮಾನಸ್ ಬಂತು. ಆದರೆ ನಮ್ಮ ಮನೆ ಮಟ್ಟಿಗೆ ಸುಧಾರಣೆ ಬರಬೇಕಾದ್ದು ಆ ಕಿಟಕಿಯಿಂದ. ಅದು ಖಾಲಿ ಆದ್ರೆ ಉಳಿದದ್ದೆಲ್ಲ ನಮ್ಮ ಪಾಲಿಗೆ ಖಾಲಿ. ಯಾರನ್ನು ಕೇಳಬೇಕು, ಏನಂತ ಕೇಳಬೇಕು, ಗೊತ್ತಿರೋರು ಹೇಳಿ.

ಕಾನುತೋಟ
ಮಂಗಳವಾರ, ರಾತ್ರಿ 10:05

ಅಕ್ಕ, ಮೊದಲು ಇದು ಹೇಳಿ. ಮನೆಯಲ್ಲಿ ಎಷ್ಟು ದಿನದ ಮಾತ್ರೆ ಉಳಿದಿದೆ? ಪೇಟೆಯ ಜನೌಷಧಿ ಅಂಗಡಿಯಲ್ಲಿ ಅದೇ ಚೀಟಿ ತೋರಿಸಿ ಕೇಳಿ, ಕಡಿಮೆ ದರಕ್ಕೆ ಸಿಗುತ್ತೆ. ಚರ್ಚೆ ಆಮೇಲೆ ಮಾಡೋಣ.

ಹಿನ್ನೀರಿನ ಮನೆ
ಮಂಗಳವಾರ, ರಾತ್ರಿ 10:12

ಆರು ದಿನದ್ದು ಇತ್ತು. ಹೊರಗಿನ ಮೆಡಿಕಲ್‌ನಲ್ಲಿ ಒಂದು ಶೀಟ್ ತಗೊಂಡು ಬಂದೆ, ಬಸ್ಸಿನ ದುಡ್ಡು ಬಿಟ್ಟು ಕೈಯಲ್ಲಿದ್ದದ್ದಕ್ಕೆ ಅಷ್ಟೇ ಬಂತು. ಈ ತಿಂಗಳು ಹೇಗೋ ಆಗುತ್ತೆ. ಪ್ರತಿ ತಿಂಗಳೂ "ಹೇಗೋ" ಆಗಬೇಕಲ್ಲ, ಅದೇ ಚಿಂತೆ.

ತುಂಗಾತೀರದ ಮೇಷ್ಟ್ರು
ಬುಧವಾರ, ಬೆಳಗ್ಗೆ 6:50

ತಂಗೀ, ನಿನ್ನ ಬರಹ ಓದಿ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ತೀರ್ಥಹಳ್ಳಿ ಸೀಮೆಯವರಿಗೆ ಈ ವಿಷಯ ಹೊಸದಲ್ಲ, ಅದಕ್ಕೆ ಸ್ವಲ್ಪ ಹಿಂದಿನದನ್ನು ಹೇಳುತ್ತೇನೆ.

ಹಳ್ಳಿಯ ಮಾನಸಿಕ ರೋಗಿಗೆ ಹಳ್ಳಿಯ ಹತ್ತಿರವೇ ಚಿಕಿತ್ಸೆ ಕೊಡಬಹುದು ಎನ್ನುವುದನ್ನು ಈ ದೇಶಕ್ಕೆ ತೋರಿಸಿಕೊಟ್ಟದ್ದರಲ್ಲಿ ಕನ್ನಡ ನಾಡಿನ ಪಾಲು ದೊಡ್ಡದು. ಎಪ್ಪತ್ತರ ದಶಕದಲ್ಲಿ ನಿಮ್ಹಾನ್ಸ್‌ನವರು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಆ ಕೆಲಸ ಶುರು ಮಾಡಿದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಆಮೇಲೆ ಬಳ್ಳಾರಿ ಜಿಲ್ಲೆಯಲ್ಲಿ 1985ರಿಂದ 1990ರವರೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಅಲ್ಲಿಗೇ ಔಷಧಿ ಕಳಿಸಿ ನೋಡಿದರು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಬಳ್ಳಾರಿಯಲ್ಲಿ ಔಷಧಿ ರೋಗಿಯ ಹತ್ತಿರ ಹೋಗಿತ್ತು ಎನ್ನುವುದನ್ನು ಎಲ್ಲರೂ ನೆನಪಿಡಬೇಕು.

ಇನ್ನು ನಮ್ಮ ತಾಲೂಕಿನದು. 2005ರ ಆಸುಪಾಸಿನಲ್ಲಿ ನಿಮ್ಹಾನ್ಸ್ ತಂಡ ತೀರ್ಥಹಳ್ಳಿ ತಾಲೂಕಿನ ಹಳ್ಳಿಗಳಲ್ಲಿ ಸ್ಕಿಜೋಫ್ರೀನಿಯಾ ಇರುವವರನ್ನು ಆರೋಗ್ಯ ಕಾರ್ಯಕರ್ತರ ನೆರವಿನಿಂದ ಹುಡುಕಿ, ವರ್ಷಗಟ್ಟಲೆ ಜೊತೆಗಿದ್ದು ಅಧ್ಯಯನ ಮಾಡಿತು. ಔಷಧಿ ಪಡೆದವರಲ್ಲಿ ದಿನನಿತ್ಯದ ಕೆಲಸಕಾರ್ಯದ ತೊಂದರೆ ಕಡಿಮೆಯಾಗುತ್ತ ಬಂತು, ಪಡೆಯದವರಲ್ಲಿ ಹಾಗೇ ಉಳಿಯಿತು. ನೀನು ಮೆಟ್ಟುಕತ್ತಿಯ ಮುಂದೆ ನೋಡಿದ್ದನ್ನೇ ಅವರೂ ಅಳೆದು ಬರೆದಿದ್ದಾರೆ.

ಶಿವಮೊಗ್ಗದಲ್ಲಿ ಡಾ. ಅಶೋಕ್ ಪೈ ಅವರು ಮನಸ್ಸಿನ ಕಾಯಿಲೆಯ ಬಗ್ಗೆ ಕನ್ನಡದಲ್ಲಿ ಬರೆದು, ಮಾತಾಡಿ, ನಮ್ಮ ಪೀಳಿಗೆಯ ಎಷ್ಟೋ ಮನೆಗಳ ಬಾಗಿಲು ತೆರೆಸಿದರು. ತಿಳಿವಳಿಕೆ ಬಂದು ಮನೆಯವರು ಆಸ್ಪತ್ರೆಗೆ ಬಂದ ಮೇಲೆ ಅಲ್ಲಿ ಮಾತ್ರೆ ಇಲ್ಲವೆಂದರೆ ಅಷ್ಟು ಜನರ ದುಡಿಮೆ ನೀರಿಗೆ ಹೋದಂತೆ.

ಗುಡ್ಡದ ಗಾಳಿ
ಬುಧವಾರ, ಬೆಳಗ್ಗೆ 8:15

ಮೇಷ್ಟ್ರೇ, ಗೌರವದಿಂದಲೇ ಒಂದು ಭಿನ್ನಾಭಿಪ್ರಾಯ. ಮಾತ್ರೆ ಮಾತ್ರೆ ಅಂತ ಅದೊಂದನ್ನೇ ಹಿಡಿದು ಕೂತ್ರೆ ಸರ್ಕಾರಕ್ಕೆ ಸುಲಭ ಆಗುತ್ತೆ. ನಾಲ್ಕು ಡಬ್ಬ ಕಳಿಸಿ ಕೈ ತೊಳ್ಕೊಳ್ತಾರೆ. ಮೂಲ ಕೊರತೆ ಜನರದ್ದು. ದೇಶದಲ್ಲಿ ಲಕ್ಷ ಜನಕ್ಕೆ ಮುಕ್ಕಾಲು ಪಾಲು ಮನೋವೈದ್ಯ, ಅಂದ್ರೆ 0.75. ಮೂವರಾದರೂ ಬೇಕು ಅಂತ ಸಂಸತ್ತಿನ ಸ್ಥಾಯಿ ಸಮಿತಿ ವರದಿಯಲ್ಲೇ ಇದೆ. 2011ರ ಜನಗಣತಿಯಲ್ಲೇ ಶಿವಮೊಗ್ಗ ಜಿಲ್ಲೆ ಹದಿನೇಳೂವರೆ ಲಕ್ಷ. ಆ ಲೆಕ್ಕ ಹಿಡಿದ್ರೆ ನಮ್ಮ ಏಳು ತಾಲೂಕಿಗೆ ಐವತ್ತಕ್ಕಿಂತ ಹೆಚ್ಚು ಮನೋವೈದ್ಯರು ಇರಬೇಕು. ವಾರಕ್ಕೊಂದು ದಿನ ಬಂದು ಹೋಗುವ ಒಬ್ಬರ ಮುಂದೆ ಅಷ್ಟು ಜನ ಸಾಲು ನಿಂತ್ರೆ ಅವರು ಎಷ್ಟು ನಿಮಿಷ ಮಾತಾಡಿಸೋಕೆ ಸಾಧ್ಯ? ನಮ್ಮ ಚಿಕ್ಕಮ್ಮನಿಗೆ ಖಿನ್ನತೆ. ಅವರಿಗೆ ಬೇಕಿದ್ದದ್ದು ಕೂತು ಕೇಳುವ ಒಬ್ಬ ಆಪ್ತಸಮಾಲೋಚಕಿ. ಸಿಕ್ಕಿದ್ದು ಮಾತ್ರೆ ಅಷ್ಟೇ.

ಹಿನ್ನೀರಿನ ಮನೆ
ಬುಧವಾರ, ಮಧ್ಯಾಹ್ನ 1:30

ನಿಮ್ಮ ಚಿಕ್ಕಮ್ಮನ ಮಾತು ನಿಜ, ಒಪ್ಪಿದೆ. ಆದರೆ ಐವತ್ತು ಡಾಕ್ಟ್ರು ತಯಾರಾಗಿ ಬರೋಕೆ ಎಷ್ಟು ವರ್ಷ ಬೇಕು? ತಮ್ಮನ ಹತ್ತಿರ ಇರೋದು ದಿನಗಳ ಲೆಕ್ಕ. ಡಾಕ್ಟ್ರನ್ನು ಕೇಳಬೇಡಿ ಅಂತ ನಾನು ಹೇಳ್ತಿಲ್ಲ. ಇವತ್ತೇ ಆಗಬಹುದಾದದ್ದು ಇವತ್ತು ಆಗಲಿ.

ಕಿಟಕಿಯ ಒಳಗಿನಿಂದ
ಬುಧವಾರ, ಸಂಜೆ 7:20

ನಾನು ಬೇರೆ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್ ಆಗಿದ್ದು ನಿವೃತ್ತನಾದವನು. ಊರು ಸಾಗರದ ಕಡೆ. ನನ್ನ ಮುಂದೆಯೂ ಈ ಅಕ್ಕನ ಹಾಗೆ ಎಷ್ಟೋ ಜನ ನಿಂತಿದ್ದಾರೆ, ಇಲ್ಲ ಅಂತ ಹೇಳುವಾಗ ಅವರ ಮುಖ ನೋಡೋಕೆ ಆಗ್ತಿರಲಿಲ್ಲ. ಒಳಗೆ ಏನಾಗುತ್ತೆ ಅಂತ ಹೇಳಿದ್ರೆ ನಿಮ್ಮ ಅರ್ಜಿಗೆ ಬಲ ಬರಬಹುದು.

ಔಷಧಿ ಬರೋದು ರಾಜ್ಯ ವೈದ್ಯಕೀಯ ಸರಬರಾಜು ನಿಗಮದಿಂದ. ಪ್ರತಿ ಆಸ್ಪತ್ರೆ ವರ್ಷಕ್ಕೆ ಇಷ್ಟು ಬೇಕು ಅಂತ ಇಂಡೆಂಟ್ ಹಾಕಬೇಕು. ನಾವು ಅದನ್ನು ಹಾಕ್ತಿದ್ದದ್ದು ಹಿಂದಿನ ವರ್ಷದ ಖರ್ಚು ನೋಡಿ. ಇಲ್ಲೇ ಪೆಟ್ಟು ಬೀಳೋದು. ಹೋದ ವರ್ಷ ರಿಸ್ಪೆರಿಡಾನ್ ಮೂರು ತಿಂಗಳು ಇರಲಿಲ್ಲ ಅಂತಿಟ್ಟುಕೊಳ್ಳಿ. ಆ ಮೂರು ತಿಂಗಳು ಖರ್ಚು ಸೊನ್ನೆ. ಜನ ಬಂದು ಬರಿಗೈಲಿ ವಾಪಸ್ ಹೋದದ್ದು ಯಾವ ರಿಜಿಸ್ಟರಿನಲ್ಲೂ ಇಲ್ಲ. ಒಂಬತ್ತು ತಿಂಗಳ ಖರ್ಚನ್ನೇ ವರ್ಷದ್ದು ಅಂತ ಹಿಡಿದು ಇಂಡೆಂಟ್ ಹೋಗುತ್ತೆ, ಮುಂದಿನ ವರ್ಷ ಇನ್ನೂ ಬೇಗ ಖಾಲಿಯಾಗುತ್ತೆ. ಜ್ವರದ ಮಾತ್ರೆ ಖಾಲಿಯಾದ್ರೆ ಆಸ್ಪತ್ರೆ ಮುಂದೆ ಗಲಾಟೆ ಆಗುತ್ತೆ. ಮನಸ್ಸಿನ ಕಾಯಿಲೆಯ ಮಾತ್ರೆ ಖಾಲಿಯಾದ್ರೆ ಜನ ತಲೆ ತಗ್ಗಿಸಿ ಹೋಗಿಬಿಡ್ತಾರೆ. ಹಾಗಾಗಿ ಯಾರಿಗೂ ಬಿಸಿ ತಟ್ಟಲ್ಲ.

ಇನ್ನೊಂದು ವಿಷಯ. ನಿಗಮದಿಂದ ಬರದಿದ್ದಾಗ ಆರೋಗ್ಯ ರಕ್ಷಾ ಸಮಿತಿ, ಅಂದ್ರೆ ಆಸ್ಪತ್ರೆಯದೇ ಸ್ಥಳೀಯ ಸಮಿತಿಯ ಹಣದಿಂದ ಸ್ಥಳೀಯವಾಗಿ ಖರೀದಿ ಮಾಡೋ ದಾರಿ ಇದೆ. ಆ ಹಣದ ಮೇಲೆ ಹತ್ತು ಕಡೆಯ ಕಣ್ಣಿರುತ್ತೆ, ಬಲ್ಬಿನಿಂದ ಹಿಡಿದು ಬ್ಲೀಚಿಂಗ್ ಪೌಡರ್ ತನಕ. ಯಾರಾದರೂ ಬರವಣಿಗೆಯಲ್ಲಿ ಕೇಳಿದ್ರೆ ಮಾತ್ರ ಈ ಮಾತ್ರೆಗಳು ಆ ಪಟ್ಟಿಗೆ ಸೇರ್ತಾವೆ. ನನ್ನ ಅನುಭವದಲ್ಲಿ ಬಾಯಿಮಾತಿಗೆ ಬೆಲೆ ಇಲ್ಲ. ದಿನಾಂಕ ಹಾಕಿ ಬರೆದ ಒಂದು ಹಾಳೆ ಫೈಲಿಗೆ ಸೇರಿದ್ರೆ ಅದಕ್ಕೆ ಉತ್ತರ ಹೇಳಲೇಬೇಕಾಗುತ್ತೆ.

ಹಾಗಾಗಿ ಅಕ್ಕ, ಕಿಟಕಿಯಲ್ಲಿ ಇಲ್ಲ ಅಂದಾಗ ಚೀಟಿಯ ಮೇಲೆ "ದಾಸ್ತಾನು ಇಲ್ಲ" ಅಂತ ಬರೆಸಿ, ದಿನಾಂಕ ಹಾಕಿಸಿ. ಜಗಳ ಬೇಡ, ಮೆತ್ತಗೆ ಕೇಳಿ. ಒಳಗಿರೋನೂ ಎಷ್ಟೋ ಸಲ ಅದನ್ನೇ ಕಾಯ್ತಿರ್ತಾನೆ, ತನ್ನ ಮೇಲಿನವರಿಗೆ ತೋರಿಸೋಕೆ.

ಹದಿನಾಲ್ಕು ವರ್ಷದ ಆಶಾ
ಬುಧವಾರ, ರಾತ್ರಿ 10:30

ಈಗಷ್ಟೇ ಮನೆ ಕೆಲಸ ಮುಗಿಸಿ ಕೂತೆ. ನಾನು ಹದಿನಾಲ್ಕು ವರ್ಷದಿಂದ ಆಶಾ ಕಾರ್ಯಕರ್ತೆ. ನನ್ನ ಏರಿಯಾ ಅಂದ್ರೆ ನಾಲ್ಕು ಮಜರೆ, ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ಗುಡ್ಡ. ಮಲೆನಾಡಿನ ಮನೆ ಗೊತ್ತಲ್ಲ, ತೋಟಕ್ಕೊಂದು ಮನೆ.

ನನ್ನ ಪಟ್ಟೀಲಿ ಇಂಥ ಕಾಯಿಲೆಯೋರು ಒಂಬತ್ತು ಜನ ಇದ್ದಾರೆ. ಬಿ.ಪಿ., ಶುಗರ್ ತಪಾಸಣೆಗೆ ಅಂತ ನಾವು ತುಂಬೋ ಸಿಬ್ಯಾಕ್ ಫಾರಂನಲ್ಲಿ ಮನಸ್ಸಿನ ಬಗ್ಗೆ ಎರಡು ಪ್ರಶ್ನೆ ಇದಾವೆ. ಎರಡು ವಾರದಿಂದ ಯಾವ ಕೆಲಸದಲ್ಲೂ ಆಸಕ್ತಿ ಇಲ್ವಾ, ಮನಸ್ಸು ಕುಗ್ಗಿದ ಹಾಗೆ ಆಗಿದೆಯಾ ಅಂತ. ಆ ಪ್ರಶ್ನೆ ಕೇಳಿದಾಗ ಒಬ್ಬಳು ಹೆಂಗಸು ಕೈಲಿದ್ದ ಸೌಟು ಕೆಳಗಿಟ್ಟು ಅತ್ತಳು. ಹದಿನಾಲ್ಕು ವರ್ಷದಿಂದ ಆ ಮನೆಗೆ ಹೋಗ್ತಿದ್ದೀನಿ, ಯಾರೂ ಅವಳನ್ನ ಹಾಗೆ ಕೇಳಿರಲಿಲ್ಲ. ಆದರೆ ಕೇಳಿದ ಮೇಲೆ ನಾನು ಅವಳನ್ನ ಎಲ್ಲಿಗೆ ಕಳಿಸಲಿ? ಮಂಗಳವಾರ ಬಾ ಅಂದ್ರೆ ಅವಳಿಗೆ ಮಂಗಳವಾರ ಕೂಲಿ ಹೋಗುತ್ತೆ. ಮಳೆಗಾಲದಲ್ಲಿ ಹಳ್ಳ ದಾಟೋಕಾಗಲ್ಲ.

ನಮ್ಮ ಸೀಮೇಲಿ ಮಂಗನ ಕಾಯಿಲೆಗೆ ಏನು ಮಾಡ್ತೀವಿ ನೋಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಶುರುವಾದ ಕಾಯಿಲೆ. ಇವತ್ತಿಗೂ ಕಾಡಲ್ಲಿ ಮಂಗ ಸತ್ತಿದ್ರೆ ತಕ್ಷಣ ತಿಳಿಸಬೇಕು ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ಮೈಗೆ ಹಚ್ಚೋ ಎಣ್ಣೆ ಮನೆಮನೆಗೆ ನಾವೇ ಹೊತ್ಕೊಂಡು ಹೋಗ್ತೀವಿ. ಟಿ.ಬಿ. ಮಾತ್ರೆನೂ ಹಾಗೇ, ನುಂಗಿದ್ರಾ ಅಂತ ನೋಡಿ ಕಾರ್ಡಲ್ಲಿ ಬರೀತೀವಿ. ಒಂದು ದಿನ ತಪ್ಪಿದ್ರೆ ಮೇಲಿಂದ ಫೋನ್ ಬರುತ್ತೆ. ಅದೇ ಗುಡ್ಡ, ಅದೇ ಕಾಲು, ಅದೇ ಚೀಲ. ಚೀಲದಲ್ಲಿ ಈ ಒಂಬತ್ತು ಜನರ ಮಾತ್ರೆನೂ ಇಟ್ರೆ ನಾನು ಬೇಡ ಅಂತೀನಾ? ಒಂದೇ ಮಾತು, ಕೆಲಸ ಕೊಟ್ರೆ ಅದಕ್ಕೆ ಪ್ರೋತ್ಸಾಹಧನನೂ ಬರೆದು ಕೊಡಿ. ಬಿಟ್ಟಿ ಸೇವೆ ಅಂತ ಹೆಗಲಿಗೇರಿಸಿದ ಕೆಲಸ ಎಲ್ಲ ಕೊನೆಗೆ ನಿಂತೇ ಹೋಗಿದೆ.

ಗುಡ್ಡದ ಗಾಳಿ
ಬುಧವಾರ, ರಾತ್ರಿ 11:02

ಆಶಾ ಅಕ್ಕ, ಮಂಗನ ಕಾಯಿಲೆಯ ಹೋಲಿಕೆ ನನಗೆ ಹೊಳೆದೇ ಇರಲಿಲ್ಲ. ನಾನು ಬೆಳಗ್ಗೆ ಹೇಳಿದ್ದರಲ್ಲಿ ಅರ್ಧ ವಾಪಸ್ ತಗೋತೀನಿ. ಆಪ್ತಸಮಾಲೋಚನೆ ಬೇಕು ಅನ್ನೋದು ಮಾತ್ರ ಬಿಡಲ್ಲ.

ಶರಾವತಿ ಕಣಿವೆ
ಗುರುವಾರ, ಬೆಳಗ್ಗೆ 9:10

ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಅಂತ ಎಲ್ಲ ಕಡೆ ಬರೆದಿರ್ತಾರೆ. 2022ರ ಅಕ್ಟೋಬರ್ 10ರಂದು ಶುರುವಾದದ್ದು. ನಾನು ಎರಡು ಸಲ ಮಾತಾಡಿದ್ದೇನೆ, ಕನ್ನಡದಲ್ಲೇ, ತುಂಬ ಸಮಾಧಾನವಾಗಿ ಕೇಳಿಸಿಕೊಂಡ್ರು. ಆ ರಾತ್ರಿ ನನಗೆ ಅದು ದೊಡ್ಡ ಆಸರೆ ಆಯ್ತು. ಆದರೆ ಆ ಮಾತಾಡೋಕೆ ನಾನು ಟಾರ್ಚ್ ಹಿಡ್ಕೊಂಡು ಗುಡ್ಡದ ನೆತ್ತಿಗೆ ಹತ್ತಿದ್ದೆ, ಮನೆಯಲ್ಲಿ ಸಿಗ್ನಲ್ ಇಲ್ಲ. ಸಿಗಂದೂರು ಸೇತುವೆ 2025ರ ಜುಲೈನಲ್ಲಿ ಆಯ್ತು, ಲಾಂಚ್ ಕಾಯುವ ಕಷ್ಟ ತಪ್ಪಿತು. ಟವರ್ ಕೂಡ ಹಾಗೇ ಬರಲಿ ಅಂತ ಆಸೆ. ಮನಸ್ಸು ಸರಿ ಇಲ್ಲದವನನ್ನು ರಾತ್ರಿ ಗುಡ್ಡ ಹತ್ತಿಸಬಾರದು.

ಲಿಥಿಯಂ ಜೊತೆ ಹನ್ನೊಂದು ವರ್ಷ
ಗುರುವಾರ, ಮಧ್ಯಾಹ್ನ 3:45

ಇಲ್ಲಿ ತನಕ ಮಾತಾಡಿದವರಲ್ಲಿ ಹೆಚ್ಚಿನವರು ಮನೆಯವರು. ನಾನು ಮಾತ್ರೆ ನುಂಗುವವಳು. ನನ್ನದು ಬೈಪೋಲಾರ್, ಮನಸ್ಸು ಅತಿಯಾಗಿ ಏರಿ ಅತಿಯಾಗಿ ಇಳಿಯುವ ಕಾಯಿಲೆ, ಅದಕ್ಕೆ ಲಿಥಿಯಂ ಮಾತ್ರೆ. ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ, ನನ್ನ ದುಡಿಮೆಯಲ್ಲೇ ಬದುಕುತ್ತೇನೆ.

ಮಾತ್ರೆ ತಪ್ಪದೇ ಸಿಗಬೇಕು, ನೂರಕ್ಕೆ ನೂರು ಒಪ್ಪಿದೆ. ಆದರೆ ಮಾತ್ರೆಯ ಪೊಟ್ಟಣ ಕೈಗೆ ಬಂದ ಕೂಡಲೇ ಕೆಲಸ ಮುಗಿಯಿತು ಅಂತ ದಯವಿಟ್ಟು ಬರೆಯಬೇಡಿ. ಲಿಥಿಯಂ ತಗೊಳ್ಳುವವರಿಗೆ ರಕ್ತದಲ್ಲಿ ಅದರ ಮಟ್ಟ ಆಗಾಗ ನೋಡಬೇಕು, ಥೈರಾಯ್ಡ್, ಕಿಡ್ನಿ ನೋಡಬೇಕು. ಕಡಿಮೆಯಾದ್ರೆ ಕೆಲಸ ಮಾಡಲ್ಲ, ಹೆಚ್ಚಾದ್ರೆ ವಿಷ. ಒಂದು ಬೇಸಿಗೆಯಲ್ಲಿ ವಾಂತಿ ಭೇದಿ ಆಗಿ ನೀರಿನಂಶ ಹೋಗಿ, ನನ್ನ ಕೈ ಎಷ್ಟು ನಡುಗಿತು ಅಂದ್ರೆ ಬಿಲ್ಲಿನ ಮೇಲೆ ಎಂಟು ಬರೆಯೋಕೆ ಹೋಗಿ ಪೆನ್ನು ಹಾಳೆ ಹರಿಯಿತು. ಅಕ್ಷರ ನೋಡಿ ಯಜಮಾನರೇ ಆಸ್ಪತ್ರೆಗೆ ಕಳಿಸಿದ್ರು. ಆ ರಕ್ತ ಪರೀಕ್ಷೆ ನನಗೆ ಹತ್ತಿರದಲ್ಲಿ ಎಲ್ಲೂ ಇಲ್ಲ. ಸ್ಕಿಜೋಫ್ರೀನಿಯಾಕ್ಕೆ ಕೊಡುವ ಕ್ಲೋಜಾಪಿನ್ ಮಾತ್ರೆ ತಗೊಳ್ಳುವವರಿಗೂ ಬಿಳಿ ರಕ್ತಕಣದ ಲೆಕ್ಕ ನೋಡ್ತಾ ಇರಬೇಕು. ಅರ್ಜಿಯಲ್ಲಿ ಮಾತ್ರೆಯ ಜೊತೆ ಪರೀಕ್ಷೆಯನ್ನೂ ಸೇರಿಸಿ.

ಎರಡನೆಯದು. ಮಂಗಳವಾರದ ಸಾಲು. ಎಲ್ಲರಿಗೂ ಗೊತ್ತು ಆ ಸಾಲು ಯಾವುದು ಅಂತ. ಪಕ್ಕದ ಬೆಂಚಿನಲ್ಲಿ ಕೂತವರು ನಮ್ಮನ್ನು ತೋರಿಸಿ ಮಕ್ಕಳಿಗೆ ಏನೋ ಹೇಳ್ತಾರೆ. ಬೇರೆ ಕಟ್ಟಡ ಕಟ್ಟಿಸಿ ಅಂತ ನಾನು ಕೇಳ್ತಿಲ್ಲ, ಬೇರೆ ಕಟ್ಟಡ ಆದ್ರೆ ಇನ್ನೂ ಎದ್ದು ಕಾಣ್ತೀವಿ. ಬಿ.ಪಿ., ಶುಗರ್‌ನವರ ಸಾಲಿನಲ್ಲೇ, ಅದೇ ಕಿಟಕಿಯಲ್ಲಿ, ಯಾವ ದಿನ ಬಂದರೂ ಮಾತ್ರೆ ಕೊಡಿ. ಡಾಕ್ಟ್ರನ್ನು ನೋಡೋದು ಮಂಗಳವಾರ ಇರಲಿ.

ಮೂರನೆಯದು ಈ ಅಕ್ಕನಿಗೆ. ಬೇಸರ ಮಾಡ್ಕೋಬೇಡಿ. ತಮ್ಮನಿಗೆ ಏನು ಬೇಕು ಅಂತ ಅವರನ್ನು ಕೇಳಿದ್ದೀರಾ? ಅರ್ಜಿಯಲ್ಲಿ ಅವರ ಮಾತು ಎಲ್ಲಿದೆ?

ಹಿನ್ನೀರಿನ ಮನೆ
ಗುರುವಾರ, ರಾತ್ರಿ 9:15

ಬೇಸರ ಇಲ್ಲ. ಕೇಳಿರಲಿಲ್ಲ. ಇವತ್ತು ಊಟ ಆದ ಮೇಲೆ ಕೇಳಿದೆ. ಸುಮಾರು ಹೊತ್ತು ಸುಮ್ಮನಿದ್ದ. ಆಮೇಲೆ "ಮಾತ್ರೆ ಬದಲಿಸಬಾರದು, ಬದಲಿಸಿದ್ರೆ ಯಾಕೆ ಅಂತ ನನಗೆ ಹೇಳಬೇಕು" ಅಂದ. ಹೋದ ಸಲ ಇದು ಇಲ್ಲ ಅಂತ ಬೇರೆ ಮಾತ್ರೆ ಕೊಟ್ಟಿದ್ರು, ಕುತ್ತಿಗೆ ಒಂದು ಕಡೆ ಎಳೆದು ಹಿಡ್ಕೊಂಡು ಎರಡು ದಿನ ನರಳಿದ್ದ. ಅವನು ಅದನ್ನ ಇಷ್ಟು ದಿನ ಮನಸ್ಸಲ್ಲಿಟ್ಟುಕೊಂಡಿದ್ದಾನೆ ಅಂತ ನನಗೆ ಗೊತ್ತಿರಲಿಲ್ಲ. ಆ ಮಾತ್ರೆ ಅವನೇ ಬಿಟ್ಟದ್ದೂ ಬಹುಶಃ ಆ ಭಯಕ್ಕೇ.

ಕಲಂ ಓದುವವನು
ಶುಕ್ರವಾರ, ಬೆಳಗ್ಗೆ 7:30

ನಾನು ವಕೀಲ. ಎಲ್ಲವನ್ನೂ ಓದಿದೆ. ಕಾನೂನು ನಿಮ್ಮ ಪರ ಎಷ್ಟಿದೆ ಅಂತ ಹೇಳುತ್ತೇನೆ.

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017, ಜಾರಿಗೆ ಬಂದದ್ದು 2018ರಲ್ಲಿ. ಕಲಂ 18 ಪ್ರಕಾರ ಸರ್ಕಾರಿ ಸೇವೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಔಷಧಿಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ, ಎಲ್ಲ ಸಮಯದಲ್ಲೂ ಇರಬೇಕು ಎಂದು ಅದೇ ಕಲಂ ಹೇಳುತ್ತದೆ. "ಎಲ್ಲ ಸಮಯದಲ್ಲೂ" ಎಂಬ ಮಾತಿಗೆ ಅಡಿಗೆರೆ ಹಾಕಿ. ತಾಲೂಕು ಆಸ್ಪತ್ರೆ ಇದರೊಳಗೆ ಬರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಮಾತ್ರೆ ಇರಬೇಕು ಎಂದು ಈ ಉಪಕಲಂ ನೇರವಾಗಿ ಹೇಳುವುದಿಲ್ಲ, ಆದರೆ ಪ್ರಾಥಮಿಕ ಹಂತದಿಂದಲೇ ಮಾನಸಿಕ ಆರೋಗ್ಯ ಸೇವೆಯನ್ನು ಸಾಮಾನ್ಯ ಸೇವೆಯೊಳಗೆ ಸೇರಿಸಬೇಕು ಎಂಬ ಮಾತು ಅಲ್ಲೇ ಇದೆ. ಆಶಾ ಅಕ್ಕನ ಚೀಲಕ್ಕೂ, ಲಿಥಿಯಂ ತಗೊಳ್ಳುವ ಸಹೋದರಿಯ ಒಂದೇ ಸಾಲಿಗೂ ಆ ಮಾತೇ ಆಧಾರ.

ಗುಡ್ಡದ ಗಾಳಿಯವರಿಗೆ: ಕಲಂ 31 ನೋಡಿ. ಜನಸಂಖ್ಯೆಗೆ ತಕ್ಕಷ್ಟು ಮಾನಸಿಕ ಆರೋಗ್ಯ ತಜ್ಞರನ್ನು ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಹೊಂದಿಸಲು ಕಾಯ್ದೆ ಜಾರಿಯಾದ 10 ವರ್ಷದೊಳಗೆ ಸರ್ಕಾರ ಪ್ರಯತ್ನಿಸಬೇಕು. ಆ ಗಡುವು 2028. ಸರ್ಕಾರಿ ಆಸ್ಪತ್ರೆಗಳ ಎಲ್ಲ ವೈದ್ಯಾಧಿಕಾರಿಗಳಿಗೂ ಪ್ರಾಥಮಿಕ ಮಾನಸಿಕ ಚಿಕಿತ್ಸೆಯ ತರಬೇತಿ ಕೊಡಬೇಕು ಎಂದೂ ಅಲ್ಲಿದೆ.

ಸೇವೆಯ ಕೊರತೆಗೆ ದೂರು ಕೊಡುವ ಹಕ್ಕು ಕಲಂ 28ರಲ್ಲಿದೆ. ಮೊದಲು ಆಸ್ಪತ್ರೆಯ ಮುಖ್ಯಸ್ಥರಿಗೆ, ಸಮಾಧಾನವಾಗದಿದ್ದರೆ ಮಾನಸಿಕ ಆರೋಗ್ಯ ಪುನರವಲೋಕನ ಮಂಡಳಿಗೆ, ಆಮೇಲೆ ರಾಜ್ಯ ಪ್ರಾಧಿಕಾರಕ್ಕೆ. ದೂರನ್ನು ಕೊಡಬೇಕಾದವರು ರೋಗಿ ಅಥವಾ ಅವರ ನಾಮನಿರ್ದೇಶಿತ ಪ್ರತಿನಿಧಿ. ಅದಕ್ಕೆ ಸ್ಟಾಂಪ್ ಪೇಪರ್ ಬೇಡ, ನೋಟರಿ ಬೇಡ. ಬಿಳಿ ಹಾಳೆಯಲ್ಲಿ ಇಂಥವರು ನನ್ನ ಪ್ರತಿನಿಧಿ ಎಂದು ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು, ಕಲಂ 14. ತಮ್ಮನವರು ಈಗ ಸ್ವಸ್ಥರಾಗಿದ್ದಾರೆ, ಈಗಲೇ ಬರೆಸಿ. ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಚಿತವಾಗಿ ಬರೆದಿಡುವ ಅವಕಾಶವೂ ಇದೆ, ಅದಕ್ಕೆ ಮಾತ್ರ ಬೇರೆ ಕ್ರಮ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಸಿಗುತ್ತದೆ.

ಬೇಣದ ದಾರಿ
ಶುಕ್ರವಾರ, ಬೆಳಗ್ಗೆ 10:20

ನಮ್ಮ ಕಡೆ ಮೊದಲು ಹೋಗೋದು ನೋಟ ನೋಡಿಸೋಕೆ, ಅಂತ್ರ ಕಟ್ಟಿಸೋಕೆ. ಚೌಡಿಗೆ ಹರಕೆ ಹೊತ್ತು ಎರಡು ವರ್ಷ ಕಳೆದ ಮೇಲೆ ಆಸ್ಪತ್ರೆ. ಇದನ್ನು ನಿಲ್ಲಿಸದೆ ಯಾವ ಸುಧಾರಣೆ ಆಗುತ್ತೆ?

ತುಂಗಾತೀರದ ಮೇಷ್ಟ್ರು
ಶುಕ್ರವಾರ, ಸಂಜೆ 5:40

ನಂಬಿಕೆಯನ್ನು ನಿಲ್ಲಿಸಲು ಹೊರಟರೆ ಜನ ಬಾಗಿಲು ಹಾಕಿಕೊಳ್ಳುತ್ತಾರೆ. ನನ್ನ ಶಾಲೆಯ ಒಬ್ಬ ಹುಡುಗನ ಮನೆಯವರು ಹರಕೆಯನ್ನೂ ತೀರಿಸಿದರು, ಮಾತ್ರೆಯನ್ನೂ ಕೊಟ್ಟರು, ಹುಡುಗ ಚೆನ್ನಾಗಿದ್ದಾನೆ. ನಿಲ್ಲಿಸಬೇಕಾದದ್ದು ಸರಪಳಿಯನ್ನು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿ ಹಾಕಿ ಕಟ್ಟಿದ್ದ 28 ಜನ ಬೆಂಕಿಯಲ್ಲಿ ತೀರಿಹೋದರು. ಓಡಲು ಆಗಲಿಲ್ಲ ಅವರಿಗೆ. ಈಗಿನ ಕಾಯ್ದೆಯಲ್ಲಿ ಯಾವ ರೀತಿಯಲ್ಲೂ ಸರಪಳಿ ಹಾಕುವಂತಿಲ್ಲ. ಮನೆಯಲ್ಲಿ ಕಟ್ಟಿಹಾಕುವವರೂ ಕ್ರೂರಿಗಳಲ್ಲ, ಎಷ್ಟೋ ಸಲ ಬೇರೆ ದಾರಿ ಕಾಣದವರು. ಹತ್ತಿರದಲ್ಲಿ ಚಿಕಿತ್ಸೆ ಸಿಕ್ಕರೆ ಹಗ್ಗ ತಾನಾಗಿ ಬಿಚ್ಚುತ್ತದೆ.

ಕಾನುತೋಟ
ಶುಕ್ರವಾರ, ರಾತ್ರಿ 8:00

ಇದನ್ನು ಬರೆಯೋದಾ ಬೇಡವಾ ಅಂತ ಎರಡು ದಿನ ಯೋಚಿಸಿದೆ. ಅಡಿಕೆಗೆ ಎಲೆಚುಕ್ಕಿ ರೋಗ ಬಂದ ಮೇಲೆ ನಮ್ಮ ಕಡೆ ತೋಟದವರ ಮನೆಗಳಲ್ಲಿ ಸಾಲದ ಒತ್ತಡ ಜಾಸ್ತಿ ಆಗಿದೆ. ಪರಿಚಯದ ಒಬ್ಬರು ಪ್ರಾಣ ಕಳೆದುಕೊಳ್ಳೋಕೆ ಹೋದಾಗ ಮನೆಯವರು ಪೊಲೀಸ್ ಕೇಸ್ ಆಗುತ್ತೆ ಅಂತ ಹೆದರಿ ಆಸ್ಪತ್ರೆಗೆ ಕರೆದೊಯ್ಯೋಕೆ ತಡ ಮಾಡಿದ್ರು. ಪುಣ್ಯಕ್ಕೆ ಉಳಿದ್ರು. ವಕೀಲರೇ, ಈಗಲೂ ಕೇಸ್ ಆಗುತ್ತಾ?

ಕಲಂ ಓದುವವನು
ಶುಕ್ರವಾರ, ರಾತ್ರಿ 8:25

ಬರೆದದ್ದು ಒಳ್ಳೆಯದಾಯ್ತು, ಎಲ್ಲರಿಗೂ ಗೊತ್ತಾಗಲಿ. ಅದೇ 2017ರ ಕಾಯ್ದೆಯ ಕಲಂ 115 ಪ್ರಕಾರ ಅಂಥವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು, ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ. ಆತ್ಮಹತ್ಯೆ ಯತ್ನವನ್ನು ಅಪರಾಧ ಎನ್ನುತ್ತಿದ್ದ ಐಪಿಸಿ 309ನೇ ಕಲಂ 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮೊದಲಿನ ಹಾಗೆ ಇಲ್ಲ. ಆಸ್ಪತ್ರೆಯವರು ಪೊಲೀಸರಿಗೆ ಮಾಹಿತಿ ಕೊಡಬಹುದು, ಅದಕ್ಕೆ ಹೆದರಬೇಡಿ. ಒಂದು ನಿಮಿಷವೂ ತಡ ಮಾಡಬೇಡಿ, ಮೊದಲು ಆಸ್ಪತ್ರೆ. ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಅಂಥ ಯೋಚನೆ ಬರುತ್ತಿದ್ದರೆ ಮನೆಯಲ್ಲಿ ಒಬ್ಬರ ಹತ್ತಿರವಾದರೂ ಹೇಳಿ, 14416ಕ್ಕೆ ಕರೆ ಮಾಡಿ.

ಹದಿನಾಲ್ಕು ವರ್ಷದ ಆಶಾ
ಶುಕ್ರವಾರ, ರಾತ್ರಿ 9:50

ಕಾನುತೋಟದ ಅಣ್ಣ, ಆ ಮನೆಯೋರು ಈಗ ಹೇಗಿದ್ದಾರೆ? ನಿಮ್ಮೂರಿನ ಆಶಾಗೆ ಒಂದು ಮಾತು ಹೇಳಿ, ಆಗಾಗ ಹೋಗಿ ಬರಲಿ. ತೋಟದ ಔಷಧಿ ಡಬ್ಬಗಳನ್ನ ಬೀಗ ಹಾಕಿ ಇಡೋಕೆ ಹೇಳಿ. ಬೀಗದ ಕೈ ಬೇರೆಯೋರ ಹತ್ರ ಇರಲಿ.

ಹಿನ್ನೀರಿನ ಮನೆ
ಶನಿವಾರ, ರಾತ್ರಿ 10:10

ಅರ್ಜಿ ಬರೆದೆ. ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಗಳಿಗೆ, ಅದರ ಒಂದು ನಕಲು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಧಿಕಾರಿಗಳಿಗೆ. ಕೇಳಿದ್ದು ಇಷ್ಟು. ಇಲ್ಲ ಅಂತ ಹೇಳಿ ವಾಪಸ್ ಕಳಿಸಿದವರ ಲೆಕ್ಕಕ್ಕೆ ಒಂದು ರಿಜಿಸ್ಟರ್ ಇಡಬೇಕು, ಮುಂದಿನ ಇಂಡೆಂಟ್ ಹಾಕುವಾಗ ಅದನ್ನೂ ಕೂಡಿಸಬೇಕು. ಎರಡು ತಿಂಗಳ ಮಾತ್ರೆ ಯಾವಾಗಲೂ ಕೂಡಿಟ್ಟಿರಬೇಕು. ಕಡಿಮೆ ಬಿದ್ರೆ ರಕ್ಷಾ ಸಮಿತಿ ಹಣದಿಂದ ತರಿಸಬೇಕು. ಮಳೆಗಾಲ ಶುರುವಾಗೋ ಮುಂಚೆ, ಡಾಕ್ಟ್ರು ಒಪ್ಪಿದ ರೋಗಿಗಳಿಗೆ ಎರಡು ತಿಂಗಳದ್ದು ಒಟ್ಟಿಗೆ ಕೊಡಬೇಕು. ಯಾವ ದಿನ ಬಂದ್ರೂ ಎಲ್ಲರ ಸಾಲಿನಲ್ಲೇ ಮಾತ್ರೆ ಸಿಗಬೇಕು. ಲಿಥಿಯಂ, ಕ್ಲೋಜಾಪಿನ್‌ನವರ ರಕ್ತ ಮಂಗಳವಾರವೇ ತೆಗೆದು ಶಿವಮೊಗ್ಗಕ್ಕೆ ಕಳಿಸಿ ವರದಿ ತರಿಸಬೇಕು. ಮನೋವೈದ್ಯರ ಜೊತೆ ತಿಂಗಳಿಗೆ ಎರಡು ಮಂಗಳವಾರವಾದ್ರೂ ಆಪ್ತಸಮಾಲೋಚಕರು ಬರಬೇಕು. ಕೊನೆಯದು ತಮ್ಮನದು, ಅವನ ಮಾತಲ್ಲೇ ಹಾಕಿದ್ದೇನೆ: ಮಾತ್ರೆ ಬದಲಿಸಿದ್ರೆ ಯಾಕೆ ಅಂತ ನನಗೆ ಹೇಳಬೇಕು.

ಬಿಳಿ ಹಾಳೆಯಲ್ಲಿ ನನ್ನ ಹೆಸರನ್ನ ಪ್ರತಿನಿಧಿ ಅಂತ ಅವನೇ ಬರೆದ. ಅಕ್ಷರ ಕಾಲೇಜಿಗೆ ಹೋಗುವಾಗ ಇದ್ದ ಹಾಗೇ ಇದೆ.

ಕಿಟಕಿಯ ಒಳಗಿನಿಂದ
ಭಾನುವಾರ, ಬೆಳಗ್ಗೆ 8:40

ಎರಡು ಪ್ರತಿ ಮಾಡಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸೀಲು, ಸಹಿ, ದಿನಾಂಕ ಹಾಕಿಸ್ಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ. ಚೀಟಿಯ ಜೆರಾಕ್ಸ್ ಲಗತ್ತಿಸಿ. ಮಾತ್ರೆಯ ಹೆಸರಿನ ಜೊತೆ ಎಷ್ಟು ಮಿಲಿಗ್ರಾಂ ಅಂತಲೂ ಬರೀರಿ, ಬೇರೆ ಶಕ್ತಿಯದ್ದು ಇದೆ ಅಂತ ಉತ್ತರ ಬರಬಾರದು.

ಹದಿನಾಲ್ಕು ವರ್ಷದ ಆಶಾ
ಭಾನುವಾರ, ಮಧ್ಯಾಹ್ನ 2:15

ನನ್ನ ಒಂಬತ್ತು ಮನೆಗೂ ಹೋಗಿ ಬಂದೆ. ಐದು ಮನೆಯೋರು ಇದೇ ಅರ್ಜಿಗೆ ಬೇರೆಬೇರೆಯಾಗಿ ಸಹಿ ಹಾಕಿ ಕೊಡ್ತೀವಿ ಅಂದ್ರು. ಎರಡು ಮನೆಯೋರು ಊರಿಗೆ ಗೊತ್ತಾಗುತ್ತೆ ಅಂತ ಹೆದರ್ತಾರೆ, ಒತ್ತಾಯ ಮಾಡಲಿಲ್ಲ. ಇಬ್ಬರು ಮನೇಲಿ ಇರಲಿಲ್ಲ. ನಮ್ಮದೂ ನಿಮ್ಮ ತಾಲೂಕೇ ಅಕ್ಕ, ಓದ್ತಾ ಓದ್ತಾ ಗೊತ್ತಾಯ್ತು.

ಹಿನ್ನೀರಿನ ಮನೆ
ಸೋಮವಾರ, ರಾತ್ರಿ 8:50

ಇವತ್ತೇ ಹೋಗಿ ಕೊಟ್ಟು ಬಂದೆ. ಸೀಲು ಹಾಕಿದ್ರು, ಸಹಿ ಹಾಕಿದ್ರು. ವೈದ್ಯಾಧಿಕಾರಿಗಳು ಪೂರ್ತಿ ಓದಿದ್ರು, ತಮ್ಮನ ಸಾಲಿನ ಹತ್ತಿರ ಸ್ವಲ್ಪ ಹೊತ್ತು ನಿಂತ್ರು. ರಕ್ಷಾ ಸಮಿತಿ ಸಭೆಗೆ ಇಡ್ತೀನಿ ಅಂದ್ರು, ಸಭೆ ಯಾವತ್ತು ಅಂತ ಕೇಳಿ ದಿನಾಂಕ ಬರ್ಕೊಂಡಿದ್ದೇನೆ. ಸದ್ಯಕ್ಕೆ ಬೇರೆ ಆಸ್ಪತ್ರೆಯಿಂದ ತರಿಸಿದ್ದರಲ್ಲಿ ಹತ್ತು ದಿನದ ರಿಸ್ಪೆರಿಡಾನ್ ಸಿಕ್ಕಿತು. ಬಾಕಿ ಇಪ್ಪತ್ತು ದಿನದ್ದು ಬರಬೇಕು, ಅಂತ ಚೀಟಿಯ ಹಿಂದೆ ಬರೆಸಿದ್ದೇನೆ.

ಆಶಾ ಅಕ್ಕ, ನಿಮ್ಮ ಐದು ಅರ್ಜಿ ಮುಂದಿನ ಮಂಗಳವಾರ ಒಟ್ಟಿಗೆ ಕೊಡೋಣ. ಬಸ್ ಸ್ಟ್ಯಾಂಡ್ ಹೊರಗೆ ಹೂವಿನ ಅಂಗಡಿ ಹತ್ತಿರ ಎಂಟೂವರೆಗೆ ನಾನೂ ತಮ್ಮನೂ ಇರ್ತೇವೆ. ಬೇರೆ ಯಾರು ಬರ್ತೀರಿ ಅಂತ ಇಲ್ಲೇ ಬರೀರಿ, ಹಳೇ ಚೀಟಿ ಮರೀದೆ ತನ್ನಿ.